ನೆರಳಿಲ್ಲದ ಹುಡುಗ, ಹಿಂಬದಿಯಿಲ್ಲದ ಬಾಗಿಲು: ವಜ್ರ ಚಂದ್ರಶೇಖರ ಅವರನ್ನು ಓದುವುದು ಹೇಗೆ?

ಮಗು ಹುಟ್ಟಿದ ಗಳಿಗೆಯಲ್ಲೇ ತಾಯಿ ಅದರ ನೆರಳಿಗೆ ದೊಡ್ಡದೊಂದು ಹಿತ್ತಾಳೆ ಮೊಳೆ ಹೊಡೆದು ನೆಲಕ್ಕೆ ಕಚ್ಚಿಸುತ್ತಾಳೆ. ಆಮೇಲೆ ಆ ನೆರಳನ್ನು ಮೈಯಿಂದ ಹರಿದು ಕಿತ್ತುಬಿಡುತ್ತಾಳೆ. ಅಂದಿನಿಂದ ಹುಡುಗನಿಗೆ ನೆಲದ ಹಿಡಿತವಿಲ್ಲ, ಸ್ವಲ್ಪ ಮೈಮರೆತರೂ ತೇಲಿ ಮೇಲಕ್ಕೆ ಹೋಗುತ್ತಾನೆ. ಬೇರೆಯವರಿಗೆ ಕಾಣದ ಭೂತಪಿಶಾಚಿಗಳು ಅವನ ಕಣ್ಣಿಗೆ ಕಾಣುತ್ತವೆ. ಬೆಳೆಯುತ್ತಾ ಹೋದಂತೆ ತಾಯಿ ಕಲಿಸುವುದು ಒಂದೇ ವಿದ್ಯೆ, ಕೊಲ್ಲುವುದು. ಕೊನೆಗೆ ಕೊಲ್ಲಬೇಕಾದದ್ದು ಹೆತ್ತ ಅಪ್ಪನನ್ನು. ಆ ಅಪ್ಪನೋ, ಲೋಕಕ್ಕೆ ಲೋಕವೇ ಕೈಮುಗಿಯುವ ಮಹಾತ್ಮ.

ನಾಲ್ಕು ಫ್ಯಾಂಟಸಿ ಕಾದಂಬರಿ ಓದಿದ ಯಾರಿಗಾದರೂ ಮುಂದಿನದನ್ನು ಊಹಿಸುವುದು ಕಷ್ಟವಲ್ಲ. ಹುಡುಗ ಊರು ಬಿಡುತ್ತಾನೆ, ಗುರು ಸಿಗುತ್ತಾನೆ, ಗೆಳೆಯರ ಗುಂಪು ಕಟ್ಟಿಕೊಳ್ಳುತ್ತದೆ, ಐನೂರು ಪುಟ ದಾಟಿದ ಮೇಲೆ ಅಪ್ಪ–ಮಗ ಎದುರಾಗುತ್ತಾರೆ. ಇಲ್ಲಿ ಹುಡುಗ ಊರನ್ನೇನೋ ಬಿಡುತ್ತಾನೆ. ಆದರೆ ದೊಡ್ಡ ಪಟ್ಟಣಕ್ಕೆ ಹೋಗಿ, ಕೊಲ್ಲುವ ಕೆಲಸವನ್ನೂ ಕೈಬಿಟ್ಟು, ತನ್ನಂಥವರೇ ಸೇರುವ ಒಂದು ಕೂಟಕ್ಕೆ ಹೋಗಿ ಕೂರುತ್ತಾನೆ. ಯಾವುದೋ ಭವಿಷ್ಯವಾಣಿಯಲ್ಲಿ ಹೆಸರು ಬಂದು, ಲೋಕೋದ್ಧಾರಕ್ಕೆ ಆಯ್ಕೆಯಾಗಿ, ಕಡೆಗೆ ಯಾವ ಕೆಲಸಕ್ಕೂ ಬಾರದೆ ಉಳಿದವರು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುವ ಕೂಟ ಅದು.

ಕಾದಂಬರಿಯ ಹೆಸರು 'ದಿ ಸೇಂಟ್ ಆಫ್ ಬ್ರೈಟ್ ಡೋರ್ಸ್'. ಬರೆದವರು ವಜ್ರ ಚಂದ್ರಶೇಖರ. ಹೆಸರು ನೋಡಿದರೆ ನಮ್ಮ ಮಂಡ್ಯದವರೋ ತುಮಕೂರಿನವರೋ ಇರಬೇಕು ಅನ್ನಿಸುತ್ತದೆ. ಅಲ್ಲ, ಕೊಲಂಬೊದವರು, ಬರೆಯುವುದು ಇಂಗ್ಲಿಷಿನಲ್ಲಿ. ಹಲವು ವರ್ಷ ಸಣ್ಣ ಕಥೆಗಳನ್ನು ಬರೆದು, 'ಸ್ಟ್ರೇಂಜ್ ಹೊರೈಜನ್ಸ್' ಎಂಬ ಆನ್‌ಲೈನ್ ಪತ್ರಿಕೆಯ ಕಥಾವಿಭಾಗದ ಸಂಪಾದಕರಲ್ಲಿ ಒಬ್ಬರಾಗಿದ್ದು, 2023ರಲ್ಲಿ ಈ ಮೊದಲ ಕಾದಂಬರಿ ಹೊರತಂದರು. ಮರುವರ್ಷ ಅದಕ್ಕೆ, ವಿಜ್ಞಾನ ಕಥೆ ಮತ್ತು ಫ್ಯಾಂಟಸಿಗೆ ಕೊಡುವ ದೊಡ್ಡ ಪ್ರಶಸ್ತಿಗಳಲ್ಲಿ ಒಂದಾದ ನೆಬ್ಯುಲಾ ಬಂತು. ಮೊದಲ ಕಾದಂಬರಿಗೆ ಕೊಡುವ ಲೋಕಸ್ ಪ್ರಶಸ್ತಿ ಬಂತು, ಕ್ರಾಫರ್ಡ್ ಪ್ರಶಸ್ತಿಯೂ ಬಂತು. ಹ್ಯೂಗೋ ಅಂತಿಮ ಪಟ್ಟಿಯಲ್ಲೂ ಇತ್ತು. 2024ರಲ್ಲಿ ಬಂದ ಎರಡನೆಯ ಕಾದಂಬರಿ 'ರೇಕ್ಸ್‌ಫಾಲ್' 2025ರ ಅರ್ಸುಲಾ ಲೆ ಗ್ವಿನ್ ಪ್ರಶಸ್ತಿ ಪಡೆಯಿತು.

ಪ್ರಶಸ್ತಿಗಳ ಪಟ್ಟಿ ನೋಡಿ ಪುಸ್ತಕ ಕೊಂಡವರಲ್ಲಿ ಎಷ್ಟೋ ಜನ ನೂರು ಪುಟಕ್ಕೇ ನಿಲ್ಲಿಸಿದ್ದಾರೆ. ಮ್ಯಾಜಿಕ್ ಹೇಗೆ ನಡೆಯುತ್ತದೆ ಎಂದು ಹೇಳುವುದಿಲ್ಲ, ನಾಯಕನಿಗೆ ಏನು ಬೇಕೆಂದು ಅವನಿಗೇ ಗೊತ್ತಿಲ್ಲ, ಇದೆಂಥ ಫ್ಯಾಂಟಸಿ ಎಂಬ ದೂರು ಸಾಮಾನ್ಯ. ದೂರಿನಲ್ಲಿ ಸ್ವಲ್ಪ ಹುರುಳಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಈ ಕಾದಂಬರಿಗೆ ಬೇಕಾದ ಮುಕ್ಕಾಲು ಪಾಲು ಹಿನ್ನೆಲೆ ಕನ್ನಡದ ಓದುಗನ ಬಳಿ ಆಗಲೇ ಇದೆ. ನ್ಯೂಯಾರ್ಕಿನ ಓದುಗ ವಿಕಿಪೀಡಿಯ ತೆರೆದು ಹುಡುಕಬೇಕಾದದ್ದನ್ನು ನಾವು ಐದನೇ ಕ್ಲಾಸಿನ ಪಾಠದಲ್ಲೇ ಓದಿರುತ್ತೇವೆ. ಎಲ್ಲಿ ನೋಡಬೇಕು ಎಂದು ಗೊತ್ತಾದರೆ ಸಾಕು.

ಪಿತ್ರಾರ್ಜಿತ ಕೇಳಲು ಹೋದ ಮಗ

ಹುಡುಗನ ಹೆಸರು ಫೆಟರ್, ಅಂದರೆ ಸಂಕೋಲೆ. ತಾಯಿಯ ಹೆಸರು ಮದರ್ ಆಫ್ ಗ್ಲೋರಿ. ಅಪ್ಪನಿಗೆ ಹೆಸರಿಲ್ಲ, ಬಿರುದಷ್ಟೇ: ಪರ್ಫೆಕ್ಟ್ ಅಂಡ್ ಕೈಂಡ್. ಪರಿಪೂರ್ಣ, ದಯಾಮಯ. ಹೆಂಡತಿ ಮಗುವನ್ನು ಬಿಟ್ಟು ಹೋಗಿ ಜಗದ್ಗುರುವಾದವನು.

ಇಷ್ಟು ಹೇಳಿದರೆ ನಮ್ಮವರಿಗೆ ಬೇರೆ ಸುಳಿವು ಬೇಡ. ಯಶಸ್ಸನ್ನು ಧರಿಸಿದವಳು ಯಶೋಧರೆ. ಮಗ ಹುಟ್ಟಿದ ಸುದ್ದಿ ಕೇಳಿ ಸಿದ್ಧಾರ್ಥ 'ರಾಹುಲ ಹುಟ್ಟಿದ, ಬಂಧನ ಹುಟ್ಟಿತು' ಎಂದನಂತೆ, ಜಾತಕಕಥೆಗಳ ಪೀಠಿಕೆ ಹಾಗೆ ಹೇಳುತ್ತದೆ. ಆ ಬಂಧನವೇ ಇಲ್ಲಿ ಕಥಾನಾಯಕ.

ಮಧ್ಯರಾತ್ರಿ ಅರಮನೆ ಬಿಟ್ಟು ಹೋದ ಬುದ್ಧನನ್ನು ಎಲ್ಲರೂ ಬಲ್ಲರು. ಆತ ಕಪಿಲವಸ್ತುವಿಗೆ ಮರಳಿ ಬಂದಾಗ ನಡೆದದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಈ ಕಾದಂಬರಿಗೆ ಅದೇ ಮುಖ್ಯ. ಭಿಕ್ಷುಗಳ ನಿಯಮಗಳನ್ನು ಹೇಳುವ ವಿನಯಪಿಟಕದ ಮಹಾವಗ್ಗ ಎಂಬ ಭಾಗದಲ್ಲಿ ಆ ಪ್ರಸಂಗವಿದೆ. ರಾಹುಲನ ತಾಯಿ ಮಗನಿಗೆ ಭಿಕ್ಷುವನ್ನು ತೋರಿಸಿ, 'ಅವನೇ ನಿನ್ನ ಅಪ್ಪ, ಹೋಗಿ ನಿನ್ನ ಪಾಲು ಕೇಳು' ಎಂದು ಕಳುಹಿಸುತ್ತಾಳೆ. ಹುಡುಗ ಹೋಗಿ ಬುದ್ಧನ ಎದುರು ನಿಂತು ಮೊದಲು ಆಡುವ ಮಾತು, 'ಸಮಣ (ಸನ್ಯಾಸಿ), ನಿನ್ನ ನೆರಳು ಹಿತವಾಗಿದೆ.' ಬುದ್ಧ ಎದ್ದು ನಡೆಯುತ್ತಾನೆ. ಹುಡುಗ ಹಿಂದೆಯೇ ಹೋಗುತ್ತಾ, 'ನನ್ನ ಪಿತ್ರಾರ್ಜಿತ ಕೊಡು, ಸಮಣ' ಎಂದು ಕೇಳುತ್ತಾನೆ. ಬುದ್ಧ ತನ್ನ ಹಿರಿಯ ಶಿಷ್ಯ ಸಾರಿಪುತ್ತನನ್ನು ಕರೆದು ಹೇಳುವುದು ಇಷ್ಟೇ: ಹಾಗಾದರೆ ಇವನಿಗೆ ದೀಕ್ಷೆ ಕೊಡು.

ಗಂಡ ಹೋದ, ಈಗ ಮಗನೂ ಹೋದ. ಅಜ್ಜ ಶುದ್ಧೋದನ ಬಂದು, ಮಗನ ಮೇಲಿನ ಪ್ರೀತಿ ಚರ್ಮ ಸೀಳುತ್ತದೆ, ಮಾಂಸ ಸೀಳುತ್ತದೆ, ಎಲುಬು ಸೀಳಿ ಮಜ್ಜೆಗೆ ಇಳಿಯುತ್ತದೆ ಎಂದು ಅಳಲು ತೋಡಿಕೊಳ್ಳುತ್ತಾನೆ. ಇನ್ನಾದರೂ ಹೆತ್ತವರ ಒಪ್ಪಿಗೆಯಿಲ್ಲದೆ ಯಾವ ಮಗನಿಗೂ ದೀಕ್ಷೆ ಕೊಡಬೇಡಿ ಎಂದು ಬೇಡುತ್ತಾನೆ. ಬುದ್ಧ ಒಪ್ಪಿ ನಿಯಮ ಮಾಡುತ್ತಾನೆ. ಬೌದ್ಧ ಸಂಘದ ಒಂದು ನಿಯಮಕ್ಕೆ ಒಂದು ಮನೆಯ ಸಂಕಟವೇ ಕಾರಣವಾಯಿತು ಎಂದು ಆ ಧರ್ಮದ ಗ್ರಂಥವೇ ಬಚ್ಚಿಡದೆ ಬರೆದಿಟ್ಟಿದೆ. ಬೌದ್ಧ ಸಾಹಿತ್ಯದಲ್ಲಿ ನನಗೆ ತುಂಬ ಹಿಡಿಸಿದ ಭಾಗಗಳಲ್ಲಿ ಇದೂ ಒಂದು.

ಈಗ ಕಾದಂಬರಿಗೆ ಬನ್ನಿ. ಅಪ್ಪನ ನೆರಳು ಹಿತವೆಂದ ಮಗ ಅಲ್ಲಿ, ನೆರಳನ್ನೇ ಕಳೆದುಕೊಂಡ ಮಗ ಇಲ್ಲಿ. ಪಾಲು ಕೇಳು ಎಂದು ಕಳುಹಿಸಿದ ತಾಯಿ ಅಲ್ಲಿ, ಕೊಂದು ಬಾ ಎಂದು ಕಳುಹಿಸಿದ ತಾಯಿ ಇಲ್ಲಿ. ಹಳೆಯ ಕಥೆಯಲ್ಲಿ ಯಶೋಧರೆ ಎಲ್ಲವನ್ನೂ ನುಂಗಿಕೊಂಡು ಕೊನೆಗೆ ಭಿಕ್ಖುಣಿಯಾಗುತ್ತಾಳೆ. ಚಂದ್ರಶೇಖರ ಅವರ ಯಶೋಧರೆ ನುಂಗಿಕೊಳ್ಳುವವಳಲ್ಲ. ಅವಳ ಸಿಟ್ಟಿಗೆ ಎಷ್ಟು ನ್ಯಾಯವಿದೆಯೋ, ಆ ಸಿಟ್ಟನ್ನು ತೀರಿಸಲು ಮಗನನ್ನು ಕತ್ತಿಯಂತೆ ಮಸೆಯುವ ಅವಳ ರೀತಿ ಅಷ್ಟೇ ಕ್ರೂರ. ಅಪ್ಪ ಬಿಟ್ಟುಹೋಗಿ ಕೆಡಿಸಿದ, ಅಮ್ಮ ಹತ್ತಿರ ಇಟ್ಟುಕೊಂಡು ಕೆಡಿಸಿದಳು. ಕನ್ನಡಕ್ಕೆ ಯಶೋಧರೆಯ ಕಡೆ ನಿಂತು ಈ ಕಥೆಯನ್ನು ನೋಡುವುದು ಹೊಸದೇನಲ್ಲ, ಮಾಸ್ತಿಯವರು ಅವಳ ಹೆಸರಿನಲ್ಲೇ ನಾಟಕ ಬರೆದರು. ಮಗನ ಕಡೆ ನಿಂತವರು ಕಡಿಮೆ.

ತಾಯಿ ಮಗನಿಗೆ ಒಪ್ಪಿಸುವ ಪಾತಕಗಳಿಗೂ ಮೂಲವಿದೆ. ಬೌದ್ಧರಲ್ಲಿ ಐದು ಮಹಾಪಾಪಗಳ ಲೆಕ್ಕವಿದೆ: ತಾಯಿಯ ಕೊಲೆ, ತಂದೆಯ ಕೊಲೆ, ಅರ್ಹಂತನ (ನಿರ್ವಾಣ ಪಡೆದವನ) ಕೊಲೆ, ಬುದ್ಧನ ಮೈಯಿಂದ ರಕ್ತ ಸುರಿಸುವುದು, ಸಂಘವನ್ನು ಒಡೆಯುವುದು. ಮಾಡಿದವನಿಗೆ ಮುಂದಿನ ಜನ್ಮ ನೇರ ನರಕದಲ್ಲಿ, ನಡುವೆ ರಿಯಾಯಿತಿ ಇಲ್ಲ. ಕ್ಷಮೆಯೇ ಇಲ್ಲದ ಪಾಪಗಳು ಎಂದು ಧರ್ಮ ಎಚ್ಚರಿಸಿದ ಪಟ್ಟಿಯೇ ಕಾದಂಬರಿಯ ತಾಯಿಯ ಕೈಯಲ್ಲಿ ಮಗನಿಗೆ ಕೊಟ್ಟ ಕೆಲಸದ ಪಟ್ಟಿಯಾಗಿಬಿಡುತ್ತದೆ. ಇಂಥ ಕಡೆ ಚಂದ್ರಶೇಖರ ಅವರ ಹಾಸ್ಯ ಎಷ್ಟು ಒಣಗಿದ್ದೆಂದರೆ, ನಗು ಬರಲು ಎರಡು ಸಾಲು ತಡವಾಗುತ್ತದೆ.

ಒಂದೂವರೆ ಮನುಷ್ಯರು

ಇಷ್ಟಕ್ಕೇ ನಿಂತಿದ್ದರೆ ಇದು ಪುರಾಣವನ್ನು ತಿರುಗಿಸಿ ಹೇಳುವ ಜಾಣ ಪುಸ್ತಕವಾಗಿ ಉಳಿಯುತ್ತಿತ್ತು. ನಮ್ಮ ಪುಸ್ತಕದಂಗಡಿಗಳಲ್ಲಿ ಅಂಥವು ಈಗ ಒಂದು ಕಪಾಟು ತುಂಬ ಇವೆ. ದೇವರನ್ನು ಮನುಷ್ಯನನ್ನಾಗಿ ಮಾಡಿ, ಕೈಗೆ ಬಿಲ್ಲು ಕೊಟ್ಟು, ಮೈಮೇಲೆ ಗಾಯದ ಗುರುತು ಬರೆದು, ಕೊನೆಗೆ ಮತ್ತೆ ದೇವರನ್ನಾಗಿ ಮಾಡುವುದು ಅವುಗಳ ದಾರಿ. ಚಂದ್ರಶೇಖರ ಹೋಗುವುದು ಅದಕ್ಕೆ ತದ್ವಿರುದ್ಧ. ಅವರ ಪ್ರಶ್ನೆ, ದಯೆಯನ್ನೇ ಬೋಧಿಸಿದ ಧರ್ಮದ ಹೆಸರಲ್ಲಿ ಒಂದು ದೇಶ ಕೊಲೆ ಮಾಡುತ್ತಾ ಹೋದರೆ, ಆ ಧರ್ಮದ ಕಥೆಗಳನ್ನು ಹೇಗೆ ಹೇಳಬೇಕು ಎಂಬುದು.

ಇದಕ್ಕೆ ಶ್ರೀಲಂಕೆಯ ಇತಿಹಾಸ ಒಂದಿಷ್ಟು ಗೊತ್ತಿರಬೇಕು. ಕ್ರಿಸ್ತಶಕ 5–6ನೇ ಶತಮಾನದ ಸುಮಾರಿಗೆ ಭಿಕ್ಷುಗಳು ಪಾಲಿಯಲ್ಲಿ ಬರೆದ 'ಮಹಾವಂಸ' ಆ ದ್ವೀಪದ ಬೌದ್ಧ ಇತಿಹಾಸ. ಅದರ ವೀರ ದುಟ್ಠಗಾಮಣಿ. ಅನುರಾಧಪುರವನ್ನು ಆಳುತ್ತಿದ್ದ ತಮಿಳು ದೊರೆ ಎಳಾರನನ್ನು ಆತ ಕೊಂದು ರಾಜ್ಯ ಗೆಲ್ಲುತ್ತಾನೆ. ಎಳಾರ ಕೆಟ್ಟವನೆಂದು ಗ್ರಂಥವೇನೂ ಹೇಳುವುದಿಲ್ಲ. ಕರುವಿನ ಮೇಲೆ ರಥ ಹರಿಸಿದ ಸ್ವಂತ ಮಗನಿಗೇ ಮರಣದಂಡನೆ ಕೊಟ್ಟ ನ್ಯಾಯವಂತ ಎಂದು ಹೊಗಳುತ್ತದೆ. ಆದರೂ ಕೊಲ್ಲಲೇಬೇಕಾಯಿತು, ಬೌದ್ಧನಲ್ಲವಲ್ಲ.

ಯುದ್ಧ ಮುಗಿದ ಮೇಲೆ ದುಟ್ಠಗಾಮಣಿಗೆ ನಿದ್ದೆ ಬರುವುದಿಲ್ಲ. ಇಷ್ಟೊಂದು ಜನರನ್ನು ಕೊಂದೆನಲ್ಲ ಎಂಬ ಕೊರಗು. ಆಗ ಎಂಟು ಅರ್ಹಂತರು ಬಂದು ಸಮಾಧಾನ ಹೇಳುತ್ತಾರೆ. ನೀನು ಕೊಂದದ್ದು ಒಂದೂವರೆ ಮನುಷ್ಯರನ್ನು ಮಾತ್ರ. ತ್ರಿಶರಣ, ಅಂದರೆ ಬುದ್ಧ, ಧರ್ಮ, ಸಂಘಗಳ ಆಶ್ರಯ ಹೊಕ್ಕಿದ್ದವನು ಒಬ್ಬ, ಪಂಚಶೀಲವನ್ನೂ ಹಿಡಿದಿದ್ದವನು ಇನ್ನೊಬ್ಬ. ಇಬ್ಬರನ್ನೂ ಸೇರಿಸಿದರೆ ಲೆಕ್ಕ ಒಂದೂವರೆ. ಮಿಕ್ಕವರು ಪಶುಗಳಿಗೆ ಸಮ.

ಇದನ್ನು ಓದಿ ಯಾವುದೋ ಹಳೆಯ ಕಾಲದ ಮಾತು ಎಂದು ಪುಟ ಮಗುಚುವಂತಿಲ್ಲ. 20ನೇ ಶತಮಾನದ ಸಿಂಹಳ ರಾಷ್ಟ್ರೀಯವಾದ ದುಟ್ಠಗಾಮಣಿಯನ್ನು ಮತ್ತೆ ಎಬ್ಬಿಸಿ ನಿಲ್ಲಿಸಿತು. 1956ರಲ್ಲಿ ಸಿಂಹಳವೊಂದೇ ಅಧಿಕೃತ ಭಾಷೆ ಎಂಬ ಕಾಯ್ದೆ ಬಂತು. 1972ರ ಸಂವಿಧಾನ ಬೌದ್ಧಧರ್ಮಕ್ಕೆ ಅಗ್ರಸ್ಥಾನ ಕೊಟ್ಟಿತು. 1983ರ ಜುಲೈನಲ್ಲಿ ಕೊಲಂಬೊದ ಬೀದಿಗಳಲ್ಲಿ ತಮಿಳರ ಬೇಟೆ ನಡೆಯಿತು, ಅಲ್ಲಿಂದ 2009ರವರೆಗೆ ಯುದ್ಧ. ಯುದ್ಧ ಮುಗಿದಾಗ ಸುಮಾರು 3 ಲಕ್ಷ ತಮಿಳು ನಾಗರಿಕರನ್ನು ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಆಮೇಲೆ ಸರದಿ ಮುಸ್ಲಿಮರದ್ದು: 2014ರಲ್ಲಿ ಅಳುತ್‌ಗಮ, 2018ರಲ್ಲಿ ಕ್ಯಾಂಡಿಯ ಕಡೆಯ ದಿಗಣ. ಕೋವಿಡ್ ಬಂದಾಗ ಸತ್ತವರನ್ನು ಹೂಳುವಂತಿಲ್ಲ, ಸುಡಲೇಬೇಕು ಎಂಬ ಆದೇಶ 2020ರಿಂದ 2021ರ ಆರಂಭದವರೆಗೂ ಇತ್ತು.

ಫೆಟರ್ ಬಂದು ಸೇರುವ ಲೂರಿಯಟ್ ಪಟ್ಟಣದಲ್ಲಿ ಇದೆಲ್ಲ ಇದೆ. ಆದರೆ ಇಂಥದಕ್ಕೆ ಇಂಥದು ಎಂದು ಗೆರೆ ಎಳೆದು ಜೋಡಿಸುವಂತೆ ಇಲ್ಲ. ಪಟ್ಟಣದಲ್ಲಿ ಮೊಬೈಲ್ ಇದೆ, ಇಮೇಲ್ ಇದೆ, ಮನಸ್ಸಿನ ಚಿಕಿತ್ಸೆಗೆ ಹೋಗುವ ಮಧ್ಯಮವರ್ಗವಿದೆ. ಜೊತೆಗೆ ಹೊಸದಾಗಿ ಬಂದವನ ತಲೆ ತಿರುಗಿಸುವಷ್ಟು ಉದ್ದದ ಜನಾಂಗ–ಜಾತಿಗಳ ವರ್ಗೀಕರಣವಿದೆ. ಸಾಂಕ್ರಾಮಿಕ ರೋಗ ಬರುತ್ತದೆ, ದೊಂಬಿ ಬರುತ್ತದೆ. ಎರಡೂ ಮಳೆಗಾಲದಂತೆ ಬಂದು ಹೋಗುವುವು ಎಂದು ಪೇಟೆಯ ಜನ ಒಪ್ಪಿಕೊಂಡಿದ್ದಾರೆ. ದೊಂಬಿ ಎಲ್ಲಿ ನಡೆಯುತ್ತಿದೆ ಎಂದು ಕೇಳಿಕೊಂಡು, ಬೇರೆ ರಸ್ತೆ ಹಿಡಿದು ಕೆಲಸಕ್ಕೆ ಹೋಗುತ್ತಾರೆ. ದುಷ್ಟ ಮಾಂತ್ರಿಕನೊಬ್ಬನ ಕೋಟೆಯನ್ನು ಮುತ್ತಿದರೆ ಎಲ್ಲ ಸರಿಹೋಗುವ ಲೋಕ ಇದಲ್ಲ. ಇಲ್ಲಿ ದುಷ್ಟತನ ಗುಮಾಸ್ತನ ಮೇಜಿನ ಮೇಲೆ ಫೈಲಿನ ರೂಪದಲ್ಲಿ ಕೂತಿದೆ.

ಬಾಗಿಲುಗಳ ವಿಚಾರ

ಶೀರ್ಷಿಕೆಯಲ್ಲಿರುವ ಬಾಗಿಲುಗಳ ಕಥೆ ಹೀಗೆ. ಲೂರಿಯಟ್‌ನಲ್ಲಿ ಯಾವುದೇ ಬಾಗಿಲನ್ನು ಮುಚ್ಚಿ ಬಹಳ ಕಾಲ ಹಾಗೇ ಬಿಟ್ಟರೆ ಅದು 'ಬ್ರೈಟ್ ಡೋರ್' ಆಗಿಬಿಡಬಹುದು. ಆದಮೇಲೆ ಅದನ್ನು ತೆರೆಯಲು ಯಾರಿಂದಲೂ ಆಗದು. ಹೋಗಲಿ, ಆಚೆ ಕಡೆಯಿಂದ ನೋಡೋಣವೆಂದರೆ ಅದಕ್ಕೆ ಆಚೆ ಕಡೆ ಎಂಬುದೇ ಇಲ್ಲ. ಅವುಗಳಿಗೆ ಗಾಢ ಬಣ್ಣ ಬಳಿದು, ಅಧ್ಯಯನ ಮಾಡಲು ಸರ್ಕಾರಿ ಇಲಾಖೆ ಕಟ್ಟಿ, ಸಂಶೋಧಕರನ್ನು ನೇಮಿಸಿದ್ದಾರೆ. ಫೆಟರ್ ಬೇರೆಯವನ ಹೆಸರು ಹೇಳಿಕೊಂಡು ಆ ಸಂಶೋಧನೆಯೊಳಗೆ ನುಸುಳುತ್ತಾನೆ. ಊರವರು ಮಾತ್ರ ಬಾಗಿಲನ್ನು ಪೂರ್ತಿ ಮುಚ್ಚದೆ ಬದುಕುವುದನ್ನು ರೂಢಿಸಿಕೊಂಡಿದ್ದಾರೆ.

ಫ್ಯಾಂಟಸಿ ಓದುಗರು ಎಡವುವುದು ಇಲ್ಲೇ. ಮ್ಯಾಜಿಕ್ಕಿನ ವಿಷಯದಲ್ಲಿ ಈ ಪ್ರಕಾರದಲ್ಲಿ ಎರಡು ದಾರಿಗಳಿವೆ. ಒಂದರಲ್ಲಿ ಮ್ಯಾಜಿಕ್ಕಿಗೆ ಕಟ್ಟುನಿಟ್ಟಾದ ನಿಯಮ. ಇಷ್ಟು ಲೋಹ ನುಂಗಿದರೆ ಇಷ್ಟು ಬಲ, ಇಂಥ ಮಂತ್ರಕ್ಕೆ ಇಂಥ ಬೆಲೆ. ಅಮೆರಿಕದ ಫ್ಯಾಂಟಸಿ ಲೇಖಕ ಬ್ರಾಂಡನ್ ಸ್ಯಾಂಡರ್ಸನ್ ಇದನ್ನು ಒಂದು ಸೂತ್ರವಾಗಿಯೇ ಹೇಳಿದ್ದಾರೆ: ಓದುಗನಿಗೆ ಮ್ಯಾಜಿಕ್ ಎಷ್ಟು ಅರ್ಥವಾಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಲೇಖಕ ಅದನ್ನು ಬಳಸಿ ಕಥೆಯ ಬಿಕ್ಕಟ್ಟು ಬಿಡಿಸಬಹುದು. ಒಳ್ಳೆಯ ಸೂತ್ರ. ಇಲ್ಲದಿದ್ದರೆ ಕೊನೆಯ ಅಧ್ಯಾಯದಲ್ಲಿ ಎಲ್ಲಿಂದಲೋ ಒಂದು ಶಕ್ತಿ ಉದುರಿ ನಾಯಕ ಗೆಲ್ಲುತ್ತಾನೆ, ನಾವು ಪುಸ್ತಕ ಬಿಸಾಡುತ್ತೇವೆ. ಇನ್ನೊಂದು ದಾರಿಯಲ್ಲಿ ಮ್ಯಾಜಿಕ್ ಬಿಕ್ಕಟ್ಟನ್ನು ಬಿಡಿಸುವುದಿಲ್ಲ, ಅದೇ ಬಿಕ್ಕಟ್ಟು. ಅಲ್ಲಿ ನಿಯಮ ಕೇಳುವುದರಲ್ಲಿ ಅರ್ಥವಿಲ್ಲ.

ಚಂದ್ರಶೇಖರ ಎರಡನೆಯ ದಾರಿಯವರು, ಆದರೆ ಮೊದಲ ದಾರಿಯ ವೇಷ ಹಾಕಿ ಬರುತ್ತಾರೆ. ಸಂಶೋಧನೆ, ಪ್ರಯೋಗ, ವರದಿ ಎಂದೆಲ್ಲ ಬಂದಾಗ, ಇನ್ನೇನು ಸೂತ್ರ ಸಿಕ್ಕಿತು, ಬಾಗಿಲು ತೆರೆಯಿತು ಎಂದು ನಾವು ಕಾಯುತ್ತೇವೆ. ಆ ಕಾಯುವಿಕೆಯನ್ನು ಅವರು ಬೇಕೆಂದೇ ಹುಟ್ಟಿಸಿ, ಬೇಕೆಂದೇ ಬೇರೆ ಕಡೆಗೆ ತಿರುಗಿಸುತ್ತಾರೆ. ಇದರಿಂದ ಸಿಟ್ಟಾಗುವವರು ಆಗಲಿ. ನನ್ನ ಮಟ್ಟಿಗೆ, ಆಳುವವರು ಅರ್ಥವಾಗದ್ದಕ್ಕೆಲ್ಲ ಒಂದು ಇಲಾಖೆ ತೆರೆದು, ವರ್ಗೀಕರಿಸಿ, ಬೀಗ ಹಾಕಿ, ಅದೇ ತಿಳಿವಳಿಕೆ ಎಂದುಕೊಳ್ಳುವುದನ್ನು ಇಷ್ಟು ಚೆನ್ನಾಗಿ ತೋರಿಸಿದ ಇನ್ನೊಂದು ಫ್ಯಾಂಟಸಿ ನೆನಪಾಗುತ್ತಿಲ್ಲ.

ಭವಿಷ್ಯವಾಣಿಯ ಹುಡುಗನ ಮಾದರಿಗೂ ಇದೇ ಗತಿ. ನಮ್ಮ ಪ್ರಕಾರದ ಅತಿ ಹಳೆಯ ರುಚಿ ಅದು: ನೀನು ಎಲ್ಲರಂತಲ್ಲ, ನಿನಗಾಗಿ ಒಂದು ಕತ್ತಿ ಕಾದಿದೆ. ಓದುವಾಗ ಹದಿಮೂರರ ಹುಡುಗನೊಬ್ಬ ನಮ್ಮೊಳಗೆ ಎದ್ದು ಕೂರುತ್ತಾನೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆರಿಸಿದವರು ಯಾರು, ಅವರಿಗೆ ಏನು ಬೇಕಿತ್ತು ಎಂದು ಆ ಕಥೆಗಳು ಕೇಳುವುದು ಕಡಿಮೆ. ಲೂರಿಯಟ್‌ನ ಕೂಟದಲ್ಲಿ ಕೂತವರೆಲ್ಲ ಅದನ್ನೇ ಕೇಳಿಕೊಳ್ಳುತ್ತಿದ್ದಾರೆ. ಒಬ್ಬೊಬ್ಬರ ಹಿಂದೆ ಒಂದೊಂದು ಮತವಿದೆ, ಪ್ರತಿ ಮತಕ್ಕೂ ಒಬ್ಬ ಹುಡುಗನೋ ಹುಡುಗಿಯೋ ಬೇಕಿತ್ತು. ಬೇಕಾದ ಕೆಲಸ ಆಗಲಿಲ್ಲ, ಅಥವಾ ಬೇರೊಬ್ಬರು ಸಿಕ್ಕರು, ಇವರು ಉಳಿದರು.

ಹಿಡಿಸದ ಸಂಗತಿಗಳು

ದೂರಿನಲ್ಲಿ ಹುರುಳಿದೆ ಎಂದೆನಲ್ಲ. ಮೊದಲನೆಯದು ಫೆಟರ್. ಅವನು ತಾನಾಗಿ ಮಾಡುವುದು ಕಡಿಮೆ, ಬೇರೆಯವರು ಎಳೆದ ಕಡೆ ಹೋಗುವುದು ಹೆಚ್ಚು. ಕೊಲ್ಲಲೆಂದೇ ಬೆಳೆಸಿದವನು ದೊಡ್ಡವನಾದ ಮೇಲೆ ಯಾವ ಕೆಲಸಕ್ಕೂ ಕೈ ಎತ್ತದಿರುವುದು ಸಹಜ, ಒಪ್ಪುತ್ತೇನೆ. ಆದರೆ ಒಪ್ಪಿದ ಮಾತ್ರಕ್ಕೆ ಓದುವಾಗ ಬೇಸರ ಬರದಿರುವುದಿಲ್ಲ. ಕೂಟದ ಗೆಳತಿ ಕೋಯಲ್ ಕ್ರಾಂತಿಯ ಮಾತಾಡುತ್ತಾ ಬಂದಾಗಲೆಲ್ಲ ಪುಟಕ್ಕೆ ಜೀವ ಬರುತ್ತದೆ, ಅವಳು ಹೋದರೆ ಮಂಕು. ಎರಡನೆಯದು ಬಂಧನ ಶಿಬಿರಗಳ ಭಾಗ. ಒಂದು ಶಿಬಿರದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತಾ ಕಾಲದ ಲೆಕ್ಕವೇ ತಪ್ಪುತ್ತದೆ. 2009ರ ಶಿಬಿರಗಳ ಚರಿತ್ರೆ ಗೊತ್ತಿದ್ದರೆ ಈ ಭಾಗ ಎದೆಗೆ ತಾಗುತ್ತದೆ. ಗೊತ್ತಿಲ್ಲದವರಿಗೆ ಕಥೆ ನಿಂತುಬಿಟ್ಟಿತೆಂದು ತೋರಬಹುದು. ಕೊನೆಯ ಭಾಗ ಮಾತ್ರ ಅವಸರದ್ದು, ಅದಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ.

ಒಂದು ಕಿವಿಮಾತು. ಓದುವಾಗ ಈ ಕಥೆಯನ್ನು ಹೇಳುತ್ತಿರುವ ದನಿ ಯಾರದ್ದು ಎಂಬ ಕಡೆ ಒಂದು ಕಣ್ಣಿರಲಿ. ಇದಕ್ಕಿಂತ ಹೆಚ್ಚು ಹೇಳಿದರೆ ಗುಟ್ಟು ಬಿಟ್ಟುಕೊಟ್ಟ ಹಾಗಾಗುತ್ತದೆ.

ರೇಕ್ಸ್‌ಫಾಲ್: ಪಂಪ–ಜನ್ನರ ಓದುಗರಿಗೆ

ಎರಡನೆಯ ಕಾದಂಬರಿ ಇನ್ನೂ ಕಷ್ಟದ್ದು. ಆನೆಲಿಡ್, ಲೆವರೆಟ್ ಎಂಬ ಇಬ್ಬರು ಮಕ್ಕಳು. ಯುದ್ಧದ ನಾಡಿನಲ್ಲಿ ಅವರು ಬೆಳೆಯುವುದನ್ನು ಸತ್ತವರು ಟೀವಿ ಧಾರಾವಾಹಿಯಂತೆ ನೋಡುತ್ತಾ ಕೂತಿದ್ದಾರೆ. ಮುಂದಿನ ಅಧ್ಯಾಯಗಳಲ್ಲಿ ಹೆಸರು ಬದಲಾಗುತ್ತದೆ, ಕಾಲ ಬದಲಾಗುತ್ತದೆ. ಪುರಾಣಕಾಲಕ್ಕೆ ಹೋಗುತ್ತದೆ, ವಸಾಹತುಕಾಲಕ್ಕೆ ಬರುತ್ತದೆ, ಮನುಷ್ಯರೇ ಉಳಿಯದ ಭೂಮಿಯ ದೂರದ ಭವಿಷ್ಯಕ್ಕೆ ನೆಗೆಯುತ್ತದೆ. ಅವೇ ಎರಡು ಜೀವಗಳು ಮತ್ತೆ ಮತ್ತೆ ಹುಟ್ಟಿ ಎದುರಾಗುತ್ತವೆ, ಕೊಲ್ಲುತ್ತವೆ, ಸಾಯುತ್ತವೆ. ಕೆಲವು ಅಧ್ಯಾಯಗಳು ಮೊದಲು ಬಿಡಿ ಕಥೆಗಳಾಗಿಯೇ ಪ್ರಕಟವಾಗಿದ್ದವು, ಹಾಗಾಗಿ ಬೆಸುಗೆ ಕಾಣುತ್ತದೆ. ಇಂಗ್ಲಿಷ್ ಓದುಗರಲ್ಲಿ ಬಹಳ ಮಂದಿ ಇದನ್ನು ತೀರ ಹೊಸ ಪ್ರಯೋಗವೆಂದು ಕಂಡರು.

ಜನ್ಮದಿಂದ ಜನ್ಮಕ್ಕೆ ಕಥೆ ಹೇಳುವುದು ನಮಗೆ ಹೊಸತೇ? ಪಂಪನ ಆದಿಪುರಾಣ 941ರದ್ದು. ಅದರಲ್ಲಿ ಆದಿತೀರ್ಥಂಕರನ ಕಥೆಗೆ ಮೊದಲು ಅವನ ಹಿಂದಿನ ಭವಗಳ ಸರಣಿಯೇ ಇದೆ. ಸ್ವರ್ಗದ ಲಲಿತಾಂಗದೇವ, ಸ್ವಯಂಪ್ರಭೆ ಇಬ್ಬರೂ ಮುಂದೆ ವಜ್ರಜಂಘ, ಶ್ರೀಮತಿಯರಾಗಿ ಹುಟ್ಟಿ ಮತ್ತೆ ಜೊತೆಯಾಗುತ್ತಾರೆ. ಜನ್ನನ ಯಶೋಧರ ಚರಿತೆ 1209ರದ್ದು, ಹೆಸರಿಗೆ ಬುದ್ಧನ ಹೆಂಡತಿಯ ಸಂಬಂಧವಿಲ್ಲ. ಅದರಲ್ಲಿ ತಾಯಿ ಚಂದ್ರಮತಿ ಬಲಿ ಕೊಡು ಎಂದು ಮಗನನ್ನು ಒತ್ತಾಯಿಸುತ್ತಾಳೆ. ಮಗ ಹಿಂಸೆಗೆ ಹಿಂಜರಿಯುತ್ತಾನೆ. ಕೊನೆಗೆ ಹಿಟ್ಟಿನ ಕೋಳಿ ಮಾಡಿ ಕಡಿಯುತ್ತಾರೆ, ಕಡಿಯುವಾಗ ಅದು ಕೂಗುತ್ತದೆ. ಅಷ್ಟಕ್ಕೇ, ಆ ಸಂಕಲ್ಪಹಿಂಸೆಗೇ, ತಾಯಿ–ಮಗ ಇಬ್ಬರೂ ನವಿಲಾಗಿ ನಾಯಿಯಾಗಿ, ಮೀನಾಗಿ ಮೊಸಳೆಯಾಗಿ, ಆಡಾಗಿ, ಕೋಳಿಯಾಗಿ ಭವಭವ ಅಲೆಯುತ್ತಾರೆ.

ಜಾತಕಕಥೆಗಳದ್ದೂ ಇದೇ ಕಟ್ಟು, ಆದರೆ ಅಲ್ಲಿ ಓದುಗನಿಗೆ ಒಂದು ಅನುಕೂಲವಿದೆ. ಕಥೆ ಮುಗಿದ ಮೇಲೆ ಬುದ್ಧನೇ ಗಂಟು ಬಿಡಿಸುತ್ತಾನೆ: ಅಂದಿನ ಆ ರಾಜ ಇಂದಿನ ಆನಂದ, ಆ ದುಷ್ಟ ಮಂತ್ರಿ ದೇವದತ್ತ, ಆ ಮೊಲ ನಾನೇ. ಯಾರು ಯಾರಾಗಿದ್ದರೆಂದು ಗೊತ್ತಾಗುತ್ತದೆ, ಕರ್ಮದ ಲೆಕ್ಕ ಚುಕ್ತಾ ಆಗುತ್ತದೆ. ರೇಕ್ಸ್‌ಫಾಲ್ ಆ ಕೊನೆಯ ಪ್ಯಾರಾವನ್ನು ಕಿತ್ತುಹಾಕಿದ ಜಾತಕ. ಯಾರು ಯಾರು ಎಂದು ಹೇಳುವ ಸರ್ವಜ್ಞ ಇಲ್ಲಿಲ್ಲ. ಕೊಂದವನೇ ಸತ್ತವನೂ ಆಗಿರಬಹುದು, ಹೇಳುವವರಿಲ್ಲ. ಒಂದೂವರೆ ಮನುಷ್ಯರು ಎಂದು ಲೆಕ್ಕ ಹಾಕಿ ಕೊಟ್ಟ ಅರ್ಹಂತರ ನಾಡಿನ ಲೇಖಕ ಅಂಥ ಲೆಕ್ಕವನ್ನು ಯಾರ ಕೈಗೂ ಕೊಡಲು ಒಪ್ಪದಿರುವುದು ನನಗೆ ಸರಿಯಾಗಿಯೇ ಕಂಡಿತು. ಕಾದಂಬರಿಯ ಎಲ್ಲ ಅಧ್ಯಾಯಗಳೂ ಸಮನಾಗಿ ನಿಲ್ಲುವುದಿಲ್ಲ ಎಂಬುದು ಬೇರೆ ಮಾತು. ಭವಿಷ್ಯದ ಕೆಲವು ಭಾಗಗಳಲ್ಲಿ ವಾಕ್ಯಗಳ ಬೆಡಗು ಹೆಚ್ಚಾಗಿ, ಕಥೆ ಕೈಗೆ ಸಿಗುವುದಿಲ್ಲ.

ಯಾರಿಗೆ ಕೊಡಬಹುದು?

ನಕ್ಷೆ, ವಂಶಾವಳಿ, ಹತ್ತು ಸಂಪುಟ ಬೇಕೆನ್ನುವ ಗೆಳೆಯರಿಗೆ ಇದನ್ನು ಕೊಡಬೇಡಿ. ದೋಸ್ತಿ ಕೆಡುತ್ತದೆ. ಸೇಂಟ್ ಆಫ್ ಬ್ರೈಟ್ ಡೋರ್ಸ್ 350 ಪುಟದ ಆಸುಪಾಸಿನ ಒಂದೇ ಸಂಪುಟದ ಕಥೆ. ಪುರಾಣದ ಮರುಕಥನಗಳನ್ನು ಓದಿ ಓದಿ, ಎಲ್ಲದರಲ್ಲೂ ಅದೇ ಜಯಜಯಕಾರ ಎಂದು ದಣಿದವರಿಗೆ ಕಣ್ಣುಮುಚ್ಚಿ ಕೊಡಬಹುದು. ಫ್ಯಾಂಟಸಿಯನ್ನೇ ಮುಟ್ಟದ, ನವ್ಯದ ಕಾದಂಬರಿಗಳನ್ನಷ್ಟೇ ಓದುವ ಹಿರಿಯರಿಗೂ ಇದು ಒಗ್ಗುತ್ತದೆ. ದೆವ್ವ ಬಂದರೆ ಸಂಕೇತ ಎಂದುಕೊಂಡು ಮುಂದೆ ಹೋಗುತ್ತಾರೆ, ಸ್ವಲ್ಪ ಹೊತ್ತಿಗೆ ದೆವ್ವ ನಿಜವಾದದ್ದೇ ಎಂದು ಗೊತ್ತಾಗುತ್ತದೆ, ಅಷ್ಟರಲ್ಲಿ ಕಥೆ ಹಿಡಿದಿರುತ್ತದೆ. ಬುದ್ಧನ ಮೇಲೆ ಭಕ್ತಿಯಿರುವವರಿಗೆ ಕೊಡುವಾಗ ಮಾತ್ರ ಮೊದಲೇ ಒಂದು ಮಾತು ಹೇಳುವುದು ಒಳ್ಳೆಯದು. ಪರ್ಫೆಕ್ಟ್ ಅಂಡ್ ಕೈಂಡ್ ಎಂಬವನು ಚರಿತ್ರೆಯ ಬುದ್ಧನಲ್ಲ, ಒಂದು ಪ್ರಭುತ್ವ ತನ್ನ ಅನುಕೂಲಕ್ಕೆ ಕಟ್ಟಿಕೊಂಡ ಮೂರ್ತಿಗೆ ಅವನು ಹೆಚ್ಚು ಹತ್ತಿರ. ಇಷ್ಟು ಹೇಳಿದರೂ ಕೆಲವರಿಗೆ ನೋವಾಗುತ್ತದೆ. ಆಗಲಿ, ಪುಸ್ತಕ ನೋಯಿಸಲೆಂದೇ ಬರೆದದ್ದು.

ಮೊದಲು ಸೇಂಟ್, ಆಮೇಲೆ ರೇಕ್ಸ್‌ಫಾಲ್. ಇದನ್ನು ತಿರುಗಿಸಿದರೆ ಎರಡನ್ನೂ ಬಿಟ್ಟುಬಿಡುವ ಸಾಧ್ಯತೆ ಹೆಚ್ಚು. ಕಥೆ ಓಡಲಿ ಎನ್ನುವವರು ಸೇಂಟ್‌ನಲ್ಲಿ ಫೆಟರ್ ಸಂಶೋಧನೆಯೊಳಗೆ ನುಸುಳುವವರೆಗೆ ತಾಳಬೇಕು. ಅಲ್ಲಿಗೂ ಹಿಡಿಸದಿದ್ದರೆ ಮುಂದೆ ಹಿಡಿಸುವ ಭರವಸೆ ನಾನು ಕೊಡುವುದಿಲ್ಲ. ರೇಕ್ಸ್‌ಫಾಲನ್ನು ಕಾದಂಬರಿಯೆಂದು ಒಂದೇ ಉಸಿರಿಗೆ ಓದದೆ, ಕಥಾಸಂಕಲನದಂತೆ ಒಂದು ದಿನಕ್ಕೆ ಒಂದು ಅಧ್ಯಾಯ ಓದುವುದು ಮೇಲು. ಯಾವ ಜನ್ಮದಲ್ಲಿ ಯಾರ ಹೆಸರೇನು ಎಂದು ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡರೆ ಅರ್ಧ ಕಷ್ಟ ಕಳೆಯುತ್ತದೆ. ಗುರುತು ತಪ್ಪಿ ಅಳಿಸಬೇಕಾಗಿ ಬರುತ್ತದೆ, ಪೆನ್ನು ಬೇಡ.